ಟೀಚರ್, ನಿಮ್ಮ ಸೀರೆ ಒದ್ದೆ

ಈ ಸಲ ಪಾಠದ ವಿಷಯ ಇಲ್ಲ, ಪರೀಕ್ಷೆಯದೂ ಇಲ್ಲ. ಬಾಣಂತಿ ಟೀಚರುಗಳ ಎದೆಹಾಲು ಸೋರುವ ವಿಷಯ. ಗಂಡಸು ಮೇಷ್ಟ್ರುಗಳು ಬೇಕಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಓದಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಸ್ಟಾಫ್ ರೂಮಿನಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತವರ ಕಷ್ಟ ಇದು.

ನಾವು ಮೂವರು ತಾಳವಾಡಿ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯ ಟೀಚರುಗಳು. ನಮ್ಮಲ್ಲಿ ಹಿರಿಯರಿಗೆ ಮಗು ಆಗಿದ್ದು 2004ರಲ್ಲಿ. ಮೂರು ತಿಂಗಳ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಶಾಲೆಗೆ ಬಂದರು. ಐದನೇ ತರಗತಿಯಲ್ಲಿ ಭಿನ್ನರಾಶಿ ಹೇಳಿಕೊಡುವಾಗ ಹೊರಗೆ ಯಾರದೋ ಮಗು ಅತ್ತಿತು. ಅಷ್ಟೇ ಸಾಕಾಯಿತು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು "ಟೀಚರ್, ನಿಮ್ಮ ಸೀರೆ ಒದ್ದೆ" ಅಂದಳು. ಪಾಪ, ಅವಳಿಗೇನು ಗೊತ್ತು. ಟೀಚರ್ ಸೆರಗು ಹೊದ್ದು, ಬೋರ್ಡಿನ ಕಡೆ ತಿರುಗಿ, ಬೆಲ್ಲು ಹೊಡೆಯುವವರೆಗೂ ಲೆಕ್ಕ ಬರೆಯುತ್ತಲೇ ಇದ್ದರು. ಮಾರನೇ ದಿನದಿಂದ ಕರ್ಚೀಫು ಮಡಿಸಿ ಒಳಗಿಟ್ಟರು. ಅದು ಅರ್ಧ ಗಂಟೆಗೆ ನೆನೆದು ಕೆಳಗೆ ಜಾರುತ್ತಿತ್ತು. ಮಗುವಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಎದೆಹಾಲು ಬಿಡಿಸಿ ಡಬ್ಬಿ ಹಾಲಿಗೆ ಬಂದಾಗಿತ್ತು. ಹಾಲು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ! ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಾವೂ ಆಗಸ್ಟ್ ಮೊದಲ ವಾರದ ಸ್ತನ್ಯಪಾನ ಸಪ್ತಾಹದಲ್ಲಿ ಮಕ್ಕಳ ಕೈಲಿ ಚಾರ್ಟು ಬರೆಸುತ್ತೇವೆ. ಒದ್ದೆ ಸೀರೆಯ ಮಾತು ಯಾವ ಚಾರ್ಟಿನಲ್ಲೂ ಇಲ್ಲ.

ನಮ್ಮ ಕಿರಿಯ ಟೀಚರ್ ಪಿ.ಟಿ.ಎ. ನೇಮಕ. ತಮಿಳುನಾಡಿನಲ್ಲಿ ಸರ್ಕಾರಿ ನೌಕರಿಯ ಹೆಂಗಸರಿಗೆ ಹೆರಿಗೆ ರಜೆ 2011ರಲ್ಲಿ ಆರು ತಿಂಗಳಾಯಿತು, 2016ರಲ್ಲಿ ಒಂಬತ್ತು, 2021ರಿಂದ ಹನ್ನೆರಡು ತಿಂಗಳು. ಕೇಂದ್ರದ ಕಾಯ್ದೆ 2017ರಲ್ಲಿ ತಿದ್ದುಪಡಿಯಾಗಿ 26 ವಾರ ಎಂದಿತು. ಇದೆಲ್ಲ ಕೇಳಲು ಚೆನ್ನ. ನಮ್ಮ ಕಿರಿಯಳಿಗೆ ಸಿಕ್ಕಿದ್ದು ಹೆರಿಗೆಯ ನಂತರದ ಕೆಲವು ವಾರ ಮತ್ತು ಬೇಸಿಗೆ ರಜೆ. ಜೂನ್‌ನಲ್ಲಿ ಬಾರದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ, ಅದು ಅವಳಿಗೂ ಗೊತ್ತು, ನಮಗೂ ಗೊತ್ತು. ಮಾರ್ಚ್‌ನಲ್ಲಿ ಹೆರಿಗೆ, ಜೂನ್‌ನಲ್ಲಿ ತರಗತಿ. ಫೋನಿನಲ್ಲಿ ಅವಳೇ ಹೇಳಿದ್ದು: "ಅಕ್ಕಾ, ದಿನಕ್ಕೆ ನಾಲ್ಕು ರವಿಕೆ ಬದಲಾಯಿಸ್ತಿದೀನಿ. ಹಿಂಗಾದ್ರೆ ಶಾಲೆಗೆ ಹೆಂಗೆ ಬರೋದು? ಪುಡಿಹಾಲು ಶುರು ಮಾಡ್ಬಿಡ್ಲಾ?"

ಅವಳ ತವರು ಈಗ ಒಡ್ಡನ್‌ಛತ್ರಂ. ಅಪ್ಪ ತರಕಾರಿ ಮಂಡಿಯ ಕೆಲಸಕ್ಕೆಂದು ಅಲ್ಲಿಗೆ ಹೋಗಿ ನೆಲೆಯೂರಿದವರು, ಅವಳು ಅಜ್ಜನ ಮನೆಯಲ್ಲಿದ್ದು ತಾಳವಾಡಿಯಲ್ಲೇ ಕನ್ನಡ ಓದಿದವಳು. ದಿಂಡಿಗಲ್‌ನಿಂದ ಪಳನಿಗೆ ಹೋಗುವ ದಾರಿಯಲ್ಲಿದೆ ಊರು. ತರಕಾರಿ ಪೇಟೆ ದೊಡ್ಡದು, ಕೇರಳಕ್ಕೆ ಹೋಗುವ ಲಾರಿಗಳ ಸದ್ದು ರಾತ್ರಿಯೆಲ್ಲ. ನಾವು ಮೇ ರಜೆಯಲ್ಲಿ ಕೂಸನ್ನು ನೋಡಲು ಹೋದವರು ನಾಲ್ಕು ದಿನ ಅಲ್ಲೇ ಉಳಿದೆವು. ಅಂದ ಹಾಗೆ, ಪಕ್ಕದ ಮನೆಯ ಅಜ್ಜಿ ಕನ್ನಡ ಮಾತಾಡಿದ್ದು ಕೇಳಿ ನಮಗೆ ಆಶ್ಚರ್ಯ. ಕಪ್ಪಿಲಿಯರು, ಅನುಪ್ಪರು ಎಂದು ಆ ಕಡೆ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುವ ಜನ ಇದ್ದಾರೆ, ಕಂಬಂ ಕಣಿವೆಯವರೆಗೂ. ಓದು ಬರಹ ತಮಿಳು. ಅಜ್ಜಿಯ ಕನ್ನಡದಲ್ಲಿ ಅರ್ಧ ನಮಗೆ ಹಿಡಿಯಲಿಲ್ಲ, ನಮ್ಮದು ಅವರಿಗೆ ಪೂರ್ತಿ ಹಿಡಿಯಲಿಲ್ಲ, ಆದರೂ ಬಾಣಂತನದ ಮಾತಿಗೆ ಅಡ್ಡಿ ಬರಲಿಲ್ಲ.

ಅಂಗಡಿಯಲ್ಲಿ ಎದೆಗೆ ಇಡುವ ಪ್ಯಾಡುಗಳು ಸಿಗುತ್ತವೆ, ಬಳಸಿ ಬಿಸಾಡುವಂಥವು. ಅವುಗಳಲ್ಲಿ ಹಲವದರ ಹೊಟ್ಟೆಯಲ್ಲಿ ಸೋಡಿಯಂ ಪಾಲಿಯಾಕ್ರಿಲೇಟ್ ಎಂಬ ಹರಳು ಇರುತ್ತದೆ, ನೀರು ತಾಗಿದರೆ ಉಬ್ಬಿ ಲೋಳೆಯಾಗುತ್ತದೆ. ಮಗುವಿನ ಡೈಪರಿನಲ್ಲೂ ಅದೇ. ಚೆನ್ನಾಗಿಯೇ ಹೀರುತ್ತವೆ, ಸುಳ್ಳು ಹೇಳಬಾರದು. ಆದರೆ ದಿನಕ್ಕೆ ಮೂರು ನಾಲ್ಕು ಜೊತೆ, ತಿಂಗಳಿಗೆ ನೂರು ಜೊತೆ... ಪಿ.ಟಿ.ಎ. ಸಂಬಳದಲ್ಲಿ ಆಗುವ ಮಾತಲ್ಲ. ಮೇಲಾಗಿ ನಮ್ಮೂರಿನ ಅಂಗಡಿಯಲ್ಲಿ ಅದು ಇಲ್ಲ, ತರಲು ಸತ್ಯಮಂಗಲಕ್ಕೆ ಇಳಿಯಬೇಕು.

ಹಾಗಾಗಿ ಹೊಲಿಯುವುದೆಂದಾಯಿತು. ಹೊಲಿಗೆ ಕಷ್ಟವಿಲ್ಲ, ಒಂದು ದುಂಡು ಬಟ್ಟೆ ತಾನೇ. ಯಾವ ಬಟ್ಟೆ, ಎಷ್ಟು ಪದರ ಅನ್ನುವುದೇ ಪ್ರಶ್ನೆ. ಅವಳ ಅಮ್ಮ ಹಳೇ ಪಂಚೆ ತಂದರು. ಅಪ್ಪ ತಿರುಪ್ಪೂರಿನ ಬನಿಯನ್ ಕಟಿಂಗ್ ವೇಸ್ಟ್ ತಂದರು. ಅಲ್ಲಿಂದ ಕಿಲೋ ಲೆಕ್ಕದಲ್ಲಿ ಬರುತ್ತದೆ, ಲಾರಿಯವರು ಕೈ ಒರೆಸಲು ಇಟ್ಟುಕೊಳ್ಳುತ್ತಾರೆ. ಪಕ್ಕದ ಮನೆ ಅಜ್ಜಿ ಇಲವಂ ಪಂಜು, ಅಂದರೆ ನಮ್ಮ ಬೂರುಗದ ಹತ್ತಿ, ತುಂಬಿಸಿ ಅಂದರು. ಬೋಡಿ ಕಡೆಯಿಂದ ಬರುವ ಆ ಹತ್ತಿಯ ದಿಂಬು ಇಲ್ಲದ ಮನೆಯೇ ಅಲ್ಲಿಲ್ಲ ಎನ್ನಬೇಕು. ನಾವು ಒಂದು ಟರ್ಕಿ ಟವೆಲ್ ಕತ್ತರಿಸಿದೆವು.

ಟೀಚರುಗಳು ಮೂವರು ಸೇರಿದರೆ ಪ್ರಯೋಗ ಮಾಡದೇ ಬಿಡುತ್ತಾರಾ? ಮೆಡಿಕಲ್ ಶಾಪಿನಿಂದ ಸೂಜಿ ಇಲ್ಲದ 5 ಮಿ.ಲೀ. ಸಿರಿಂಜು ತಂದೆವು. ಎಲ್ಲ ಬಟ್ಟೆಯನ್ನೂ ಒಂದೇ ಅಳತೆಗೆ ಕತ್ತರಿಸಿ, ಕೆಳಗೆ ಒಣ ನ್ಯೂಸ್ ಪೇಪರು ಹಾಕಿ, ಮೇಲೆ ಎರಡು ಸಿರಿಂಜು ನೀರನ್ನು ಮೆಲ್ಲಗೆ ಬಿಟ್ಟೆವು. ಆಮೇಲೆ ಅರ್ಧ ಲೀಟರ್ ನೀರಿನ ಬಾಟಲಿ ಅದರ ಮೇಲೆ ನಿಲ್ಲಿಸಿದೆವು. ಈ ಬಾಟಲಿ ಮುಖ್ಯ. ಬಟ್ಟೆ ಸುಮ್ಮನೆ ಬಿದ್ದಾಗ ಎಷ್ಟು ಹೀರುತ್ತದೆ ಅನ್ನುವುದು ಬೇರೆ, ರವಿಕೆ ಒತ್ತಿ ಹಿಡಿದಾಗ ಎಷ್ಟನ್ನು ಉಳಿಸಿಕೊಳ್ಳುತ್ತದೆ ಅನ್ನುವುದು ಬೇರೆ. ನಮಗೆ ಬೇಕಾದದ್ದು ಎರಡನೆಯದು.

ಬೂರುಗದ ಹತ್ತಿಯ ಮೇಲೆ ನೀರು ನಿಲ್ಲಲೇ ಇಲ್ಲ, ಮುತ್ತಿನ ಹಾಗೆ ಉರುಳಿ ಪಕ್ಕಕ್ಕೆ ಹೋಯಿತು. ಅದರ ಎಳೆಯ ಮೇಲೆ ಮೇಣದ ಲೇಪ ಇದೆ, ಒಳಗೆ ಗಾಳಿ. ಹಿಂದೆ ಹಡಗಿನವರ ಲೈಫ್ ಜಾಕೆಟ್ಟಿಗೆ ಇದನ್ನೇ ತುಂಬುತ್ತಿದ್ದರು, ತೇಲಲಿ ಎಂದು! ಅಜ್ಜಿ ನೋಡಿ ನಕ್ಕರು. ಹೊಸ ಬನಿಯನ್ ಬಟ್ಟೆಯದೂ ಹೆಚ್ಚುಕಡಿಮೆ ಅದೇ ಕಥೆ. ಹನಿ ಮೇಲೇ ಕೂತು ಸುಮಾರು ಹೊತ್ತಿಗೆ ಇಳಿಯಿತು. ಹತ್ತಿ ಎಂದ ಮಾತ್ರಕ್ಕೆ ಹೀರುವುದಿಲ್ಲ ನೋಡಿ. ಹತ್ತಿಯ ಎಳೆಗೂ ಹುಟ್ಟಿನಿಂದ ತೆಳು ಮೇಣ ಇರುತ್ತದೆ, ಮಿಲ್ಲಿನಲ್ಲಿ ಅದನ್ನು ತೆಗೆದರೂ ಮೆತ್ತಗಾಗಲಿ ಎಂದು ಇನ್ನೇನಾದರೂ ಹಚ್ಚಿರುತ್ತಾರೆ. ಮಗ್ಗದ ಬಟ್ಟೆಯಾದರೆ ಗಂಜಿ. ಗಿಡದಿಂದ ಬಿಡಿಸಿದ ಹತ್ತಿಯನ್ನು ನೀರಿಗೆ ಹಾಕಿದರೆ ತೇಲುತ್ತದೆ, ಮೆಡಿಕಲ್ ಶಾಪಿನ ಹತ್ತಿ ಮುಳುಗುತ್ತದೆ. ಎರಡೂ ಹತ್ತಿಯೇ, ಒಂದರ ಮೇಣವನ್ನು ಕ್ಷಾರದಲ್ಲಿ ಕುದಿಸಿ ತೆಗೆದಿದ್ದಾರೆ ಅಷ್ಟೆ. (ಆರನೇ ತರಗತಿಗೆ ಇದನ್ನು ಎರಡು ಲೋಟ ಇಟ್ಟು ತೋರಿಸಿ, ಮಕ್ಕಳು ಮರೆಯುವುದಿಲ್ಲ.)

ಅದೇ ಬನಿಯನ್ ಬಟ್ಟೆಯನ್ನು ಬಿಸಿನೀರು, ಸೋಪಿನಲ್ಲಿ ಮೂರು ಸಲ ಒಗೆದು, ಒಮ್ಮೆ ವಾಷಿಂಗ್ ಸೋಡಾ ಹಾಕಿ ಕುದಿಸಿ, ಒಣಗಿಸಿ ಮಾರನೇ ದಿನ ಮತ್ತೆ ನೋಡಿದೆವು. ಹನಿ ಬಿದ್ದ ತಕ್ಷಣ ಮಾಯ. ನಾಲ್ಕು ಪದರ ಇಟ್ಟರೆ 10 ಮಿ.ಲೀ. ಹಿಡಿಯಿತು, ಬಾಟಲಿ ಇಟ್ಟಾಗ ಅಂಚಿನಲ್ಲಿ ಸ್ವಲ್ಪ ಒಸರಿತು. ಹಳೇ ಪಂಚೆ ಬೇಗ ಹೀರಿತು, ಆದರೆ ಬೇಗ ಹರಡಿತು ಕೂಡ. ನೀರು ನಡುವಿನಿಂದ ಅಂಚಿಗೆ ಓಡಿ ಪೇಪರಿಗೆ ಇಳಿಯಿತು. ಟರ್ಕಿ ಟವೆಲ್ ಒಂದೇ ಪದರಕ್ಕೆ ಹತ್ತಿರ ಹತ್ತಿರ ಅಷ್ಟನ್ನೂ ಕುಡಿಯಿತು. ಅದರ ದಾರದ ಕುಣಿಕೆಗಳ ನಡುವೆ ಜಾಗ ಇದೆಯಲ್ಲ, ಅಲ್ಲಿ ನೀರು ನಿಲ್ಲುತ್ತದೆ. ಹಾಗಾದರೆ ಟವೆಲ್ಲೇ ನಾಲ್ಕು ಪದರ ಇಟ್ಟರಾಯಿತಲ್ಲ ಅಂದರೆ, ಇಟ್ಟು ನೋಡಿದೆವು. ಹೀರುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ರವಿಕೆಯೊಳಗೆ ಇಟ್ಟರೆ ಬನ್ನು ಇಟ್ಟ ಹಾಗೆ ಕಾಣುತ್ತದೆ, ಹಿಂಡಿ ಹಾಕಿದರೆ ಒಡ್ಡನ್‌ಛತ್ರದ ಮೇ ಬಿಸಿಲಲ್ಲೂ ಮಧ್ಯಾಹ್ನದವರೆಗೆ ಒಣಗಲಿಲ್ಲ. ನಮ್ಮ ತಾಳವಾಡಿಯ ಜುಲೈ ಮೋಡದಲ್ಲಿ ಅದು ಎರಡು ದಿನಕ್ಕೂ ಒಣಗುವುದಿಲ್ಲ. ಒಳಗೆ ಹಸಿ ಉಳಿದ ಪ್ಯಾಡ್ ಎದೆಗೆ ಇಡುವುದಕ್ಕಿಂತ ಏನೂ ಇಡದಿರುವುದು ವಾಸಿ.

ಹಾಗಾಗಿ ಎಷ್ಟು ಹೆಚ್ಚು ಹೀರುತ್ತದೆ ಅನ್ನುವುದನ್ನು ಬಿಟ್ಟು, ಎಷ್ಟು ಸಾಕು ಎಂದು ಕೇಳಿಕೊಂಡೆವು. ನಮಗೆ ಬೇಕಾದದ್ದು ಒಂದು ಬೆಲ್ಲಿನಿಂದ ಇಂಟರ್‌ವಲ್‌ವರೆಗೆ ತಡೆಯುವುದು, ಹೆಚ್ಚೆಂದರೆ ಎರಡು ಗಂಟೆ. ಒಂದು ದಿನ ಅವಳು ಬನಿಯನ್ನಿನ ನಾಲ್ಕು ಪದರವನ್ನು ಹೊಲಿಯದೆ ಹಾಗೇ ಇಟ್ಟುಕೊಂಡಳು. ಎರಡು ಗಂಟೆ ಬಿಟ್ಟು ತೆಗೆದು ಪದರ ಬಿಡಿಸಿ ನೋಡಿದರೆ ಬಲಗಡೆ ಮೂರು ಪದರ ನೆನೆದಿತ್ತು, ಎಡಗಡೆ ಎರಡು. ಮಗು ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆ ಇಟ್ಟದ್ದು ಮಾತ್ರ ನಾಲ್ಕೂ ಪದರ ದಾಟಿತ್ತು. ಪ್ರತಿಯೊಬ್ಬರದೂ ಬೇರೆ ಇರುತ್ತದೆ, ಹಾಗಾಗಿ ಮೊದಲು ಹೀಗೆ ಪದರ ಎಣಿಸಿ ನೋಡಿ, ಆಮೇಲೆ ಹೊಲಿಯಿರಿ. ಯಾರೋ ಹೇಳಿದ ಲೆಕ್ಕಕ್ಕೆ ಹೊಲಿಯಬೇಡಿ, ನಮ್ಮದಕ್ಕೂ ಸಹ.

ಅವಳಿಗೆ ನಿಂತದ್ದು ಇದು. ಮೈಗೆ ತಾಗುವ ಕಡೆ ಒಂದು ಪದರ ಬನಿಯನ್, ಮಧ್ಯೆ ಒಂದು ಟರ್ಕಿ ಟವೆಲ್, ಅದರ ಹಿಂದೆ ಇನ್ನೊಂದು ಬನಿಯನ್, ಹೊರಗಡೆ ಒಂದು ಟೆರಿಕಾಟ್. ಟೆರಿಕಾಟ್ ಎಲ್ಲಿಯದು ಅಂತೀರಾ? ಯೂನಿಫಾರ್ಮ್ ಹೊಲಿದು ಉಳಿದ ತುಂಡು! ಅದರಲ್ಲಿ ಪಾಲಿಯೆಸ್ಟರ್ ಇರುವುದರಿಂದ ನೀರನ್ನು ಬೇಗ ಹೊರಗೆ ಬಿಡುವುದಿಲ್ಲ, ಗಾಳಿ ಮಾತ್ರ ಆಡುತ್ತದೆ. ಪ್ಲಾಸ್ಟಿಕ್ ಹಾಳೆ ಇಟ್ಟರೆ ಒಂದು ತೊಟ್ಟೂ ಹೊರಬರುವುದಿಲ್ಲ ನಿಜ, ಆದರೆ ಒಳಗೆ ಬೆವರು, ಹಾಲು, ಸೆಕೆ ಸೇರಿ ಚರ್ಮ ನೆನೆದು ಮೆತ್ತಗಾಗುತ್ತದೆ. ತೊಟ್ಟು ಬಿರಿಯುವುದು, ಬೂಸ್ಟಿನ ಸೋಂಕು ಆಗುವುದು ಹೀಗೆ ಹಸಿಯಲ್ಲೇ. ಪ್ಲಾಸ್ಟಿಕ್ ಬೇಡವೇ ಬೇಡ ಎಂದು ನಾವು ಮೂವರೂ ಒಪ್ಪಿದೆವು. ಮೈಗೆ ತಾಗುವ ಕಡೆ ಆಟದ ಜೆರ್ಸಿ ಬಟ್ಟೆ ಇಟ್ಟರೆ ಹಸಿ ತಿಳಿಯುವುದಿಲ್ಲ ಎಂದು ಕೆಲವರು ಮಾಡುತ್ತಾರೆ, ಅವಳಿಗೆ ಅದು ಆ ಸೆಕೆಯಲ್ಲಿ ತುರಿಸಿತು. ರಾತ್ರಿಗೆ ಟವೆಲ್ ಎರಡು ಪದರ, ಟೆರಿಕಾಟ್ ಇಲ್ಲ. ರಾತ್ರಿ ದಪ್ಪ ಕಂಡರೆ ಯಾರು ನೋಡುತ್ತಾರೆ.

ಅಳತೆಗೆ ಹಳೇ ಸಿ.ಡಿ. ಇಟ್ಟು ಗೆರೆ ಎಳೆದೆವು. ಒಂದು ಕಾಲದಲ್ಲಿ ಶಾಲೆಗಳಿಗೆ ಪಾಠದ ಸಿ.ಡಿ.ಗಳು ಬರುತ್ತಿದ್ದವು ನೆನಪಿದೆಯಾ? ಈಗ ಹಾಕಲು ಪ್ಲೇಯರ್ ಇಲ್ಲ, ಸರಿಯಾಗಿ 12 ಸೆಂ.ಮೀ. ಅಗಲ, ಹೊಲಿಗೆಗೆ ಅರ್ಧರ್ಧ ಹೋದರೆ 11 ಉಳಿಯುತ್ತದೆ. ಬರಿ ದುಂಡಗೆ ಹೊಲಿದರೆ ಅಂಚು ಮಡಿಸಿಕೊಳ್ಳುತ್ತದೆ. ಅಂಚಿನಿಂದ ನಡುವಿನವರೆಗೆ ಒಂದು ಸೀಳು ಕೊಟ್ಟು, ಒಂದು ಬೆರಳಷ್ಟು ಮೇಲೆ ಮೇಲೆ ತಂದು ಟಕ್ ಹಾಕಿದರೆ ಬಟ್ಟಲಿನ ಆಕಾರ ಬರುತ್ತದೆ. ಆ ಟಕ್ಕನ್ನು ಪ್ರತಿ ಪದರಕ್ಕೂ ಬೇರೆ ಬೇರೆ ಜಾಗದಲ್ಲಿ ಬರುವಂತೆ ಇಡಿ, ಇಲ್ಲದಿದ್ದರೆ ಅಲ್ಲೊಂದು ಗಂಟು. ಮಧ್ಯದ ಟವೆಲನ್ನು ಅರ್ಧ ಸೆಂ.ಮೀ. ಚಿಕ್ಕದಾಗಿ ಕತ್ತರಿಸಿ, ಅಂಚು ತೆಳ್ಳಗೆ ಕೂತು ರವಿಕೆಯ ಹೊರಗೆ ಗೆರೆ ಕಾಣುವುದಿಲ್ಲ. ಸುತ್ತ ಕಾಜಾ ಹೊಲಿಗೆ ಸಾಕು. ನಡುವೆ ಎಲ್ಲೂ ಹೊಲಿಗೆ ಹಾಕಬೇಡಿ. ಸೂಜಿಯ ತೂತು ಮತ್ತು ದಾರದ ಗುಂಟ ಹಾಲು ಹೊರಗೆ ಬರುತ್ತದೆ, ಕೊಡೆಯ ಹೊಲಿಗೆಯಲ್ಲಿ ಮಳೆ ಇಳಿಯುವ ಹಾಗೆ.

ಒಗೆಯುವಾಗ ಮೊದಲು ತಣ್ಣೀರು. ಬಿಸಿನೀರಿಗೆ ಹಾಕಿದರೆ ಹಾಲಿನ ಪ್ರೋಟೀನು ಬಟ್ಟೆಯಲ್ಲೇ ಗಟ್ಟಿಯಾಗಿ ಕೂರುತ್ತದೆ, ಕಲೆಯೂ ಹೋಗದು, ವಾಸನೆಯೂ ಹೋಗದು. ತಣ್ಣೀರಲ್ಲಿ ಜಾಲಿಸಿ, ಆಮೇಲೆ ಸೋಪು, ಬಿಸಿಲು. ಬಟ್ಟೆ ಮೆತ್ತಗಾಗಲು ಹಾಕುವ ಪರಿಮಳದ ದ್ರವ ಖಂಡಿತ ಬೇಡ, ನಾವು ಕುದಿಸಿ ತೆಗೆದ ಮೇಣದಂಥದ್ದನ್ನೇ ಅದು ಮತ್ತೆ ಲೇಪಿಸುತ್ತದೆ. ಎರಡು ತಿಂಗಳ ಮೇಲೆ ಪ್ಯಾಡು ಹೀರುವುದು ಕಡಿಮೆ ಆಯಿತೆನಿಸಿದರೆ ಸೋಪಿನ ಜಿಡ್ಡು ಉಳಿದಿರುತ್ತದೆ, ಮತ್ತೊಮ್ಮೆ ಸೋಡಾ ಹಾಕಿ ಕುದಿಸಿ, ಚೆನ್ನಾಗಿ ಜಾಲಿಸಿ. ಹನ್ನೆರಡು ಜೊತೆ ಇದ್ದರೆ ಮಳೆಗಾಲಕ್ಕೂ ಸಾಲುತ್ತದೆ. ಒಣಗಿ ಮೊಲೆತೊಟ್ಟಿಗೆ ಅಂಟಿಕೊಂಡರೆ ಕಿತ್ತು ತೆಗೆಯಬೇಡಿ, ನೀರು ಹಾಕಿ ನೆನೆಸಿ ಬಿಡಿಸಿ.

ಇಷ್ಟು ಬರೆಯುವಾಗ ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ನೆನಪಾಗುತ್ತಾರೆ. ಹೆಂಡತಿಗಾಗಿ 1998ರಲ್ಲಿ ಹತ್ತಿಯಿಂದ ಮುಟ್ಟಿನ ಪ್ಯಾಡು ಮಾಡಲು ಹೊರಟವರು. ಹತ್ತಿ ಸೋತಿತು. ಕಂಪನಿಯವರ ಪ್ಯಾಡಿನಲ್ಲಿ ಇರುವುದು ಮರದ ತಿರುಳಿನ ಸೆಲ್ಯುಲೋಸ್ ಎಂದು ತಿಳಿಯಲು ಅವರಿಗೆ ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. 2016ರಲ್ಲಿ ಪದ್ಮಶ್ರೀ ಬಂತು. ಅವರು ಪಟ್ಟ ಪಾಡಿನ ಮುಂದೆ ನಮ್ಮದು ಮಕ್ಕಳಾಟ. ಆದರೆ ಮುಟ್ಟಿನ ಪ್ಯಾಡಿನ ಬಗ್ಗೆ ಈಗ ಶಾಲೆಯಲ್ಲಿ ಬಾಯಿಬಿಟ್ಟು ಮಾತಾಡುತ್ತೇವೆ, ಇದರ ಬಗ್ಗೆ ಟೀಚರು ಟೀಚರಿಗೇ ಹೇಳುವುದಿಲ್ಲ.

ಮೇ ಕೊನೆಗೆ ಅವಳು ಮಗು, ಅತ್ತೆ ಸಮೇತ ಹೊರಟು ಬಂದಳು. ಅರ್ಧ ದಿನಕ್ಕೂ ಹೆಚ್ಚಿನ ಬಸ್ ಪ್ರಯಾಣ, ಕೊನೆಗೆ ದಿಂಬಂ ಘಾಟಿಯ 27 ತಿರುವು. ಪ್ಯಾಡಿಗೆ ಅದೇ ವಾರ್ಷಿಕ ಪರೀಕ್ಷೆ. ತಮಿಳುನಾಡಿನ ಬಸ್ ನಿಲ್ದಾಣಗಳಲ್ಲಿ 2015ರಲ್ಲಿ ಹಾಲೂಡಿಸುವ ತಾಯಂದಿರ ಕೋಣೆ ಶುರುವಾಯಿತು, ದಾರಿಯಲ್ಲಿ ಅಂಥದ್ದೊಂದರಲ್ಲಿ ಕೂತು ಮಗುವಿಗೆ ಕೊಟ್ಟು ಪ್ಯಾಡು ಬದಲಾಯಿಸಿದಳಂತೆ. ನಮ್ಮ ಶಾಲೆಯಲ್ಲಿ ಅಂಥ ಕೋಣೆ ಇಲ್ಲ. ಪ್ರಯೋಗಸಾಮಗ್ರಿ ಇಡುವ ಕೋಣೆಯ ಬಾಗಿಲಿಗೆ ಚಿಲಕ ಹಾಕಿಸಿ, ಒಂದು ಕುರ್ಚಿ ಇಟ್ಟೆವು. ಹನ್ನೊಂದರ ಇಂಟರ್‌ವಲ್‌ಗೆ ಅಲ್ಲಿ ಹಾಲು ಹಿಂಡಿ ಸ್ಟೀಲ್ ಡಬ್ಬಿಗೆ ಹಾಕಿ ಮನೆಗೆ ಕಳಿಸುತ್ತಾಳೆ (ಕೋಣೆಯ ಸಾಧಾರಣ ಶಾಖದಲ್ಲಿ 4 ಗಂಟೆ ಇಡಬಹುದು, ಸೆಕೆ ಹೆಚ್ಚಿದ್ದರೆ ಅದಕ್ಕೂ ಮೊದಲೇ ಕೊಡಬೇಕು). ಮಧ್ಯಾಹ್ನ ಅತ್ತೆ ಮಗುವನ್ನೇ ಕರೆತರುತ್ತಾರೆ. ಹಿಂಡುವುದನ್ನು ಬಿಟ್ಟು ಪ್ಯಾಡನ್ನೇ ನಂಬಿ ಕೂರುವುದು ಸರಿಯಲ್ಲ, ಎದೆ ಕಟ್ಟಿಕೊಳ್ಳುತ್ತದೆ. ಕೆಂಪಾಗಿ, ಗಟ್ಟಿಯಾಗಿ, ಜ್ವರ ಬಂದರೆ ಊರಿನ ನರ್ಸಮ್ಮನಿಗೋ ಡಾಕ್ಟರಿಗೋ ಅವತ್ತೇ ತೋರಿಸಬೇಕು.

ಇನ್ನೊಂದು ಉಪಾಯ ನಮ್ಮ ಹಿರಿಯರು ಹೇಳಿಕೊಟ್ಟದ್ದು. ತರಗತಿಯಲ್ಲಿ ಹಾಲು ಇಳಿಯುವ ಜುಮ್ಮೆನಿಸುವಿಕೆ ತಿಳಿದ ಕೂಡಲೇ ಎರಡೂ ಕೈ ಕಟ್ಟಿ ಎದೆಯನ್ನು ಮೆಲ್ಲಗೆ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಂತುಹೋಗುತ್ತದೆ. ಮೊದಲ ವಾರಗಳಲ್ಲಿ ಹೀಗೆ ಪದೇ ಪದೇ ಮಾಡಬಾರದು, ಆಮೇಲೆ ತೊಂದರೆ ಇಲ್ಲ. ಮಕ್ಕಳಿಗೆ ಕೈ ಕಟ್ಟಿ ಕೂರಿ ಅನ್ನುವ ಟೀಚರ್ ಈಗ ತಾನೂ ಕೈ ಕಟ್ಟಿ ನಿಂತು ಪಾಠ ಮಾಡುತ್ತಾಳೆ. ಮಕ್ಕಳು ಅವಳಿಗೆ ಕೋಪ ಬಂದಿದೆ ಎಂದುಕೊಂಡು ಗಪ್‌ಚಿಪ್. ಲಾಭವೇ ಆಯಿತು.

ಹುಡುಗಿಗೆ ಸೆಪ್ಟೆಂಬರಿನಲ್ಲಿ ಆರು ತಿಂಗಳು ತುಂಬಿತು, ಡಬ್ಬಿ ಹಾಲು ಮನೆಗೆ ಬರಲಿಲ್ಲ. ಸೋರುವುದು ಆಗಸ್ಟಿಗೇ ಬಹಳ ಇಳಿದಿತ್ತು, ಹೆಚ್ಚಿನವರಿಗೆ ಕೆಲವು ವಾರ ತಿಂಗಳಲ್ಲಿ ಹಾಗೇ ಇಳಿಯುತ್ತದೆ. ಈಗ ಟವೆಲ್ ಇಲ್ಲದ, ಬರೀ ಬನಿಯನ್ನಿನ ಎರಡು ಪದರದ್ದು ಸಾಕಾಗಿದೆ.

ಡಿಸೆಂಬರಿನಲ್ಲಿ ಪಕ್ಕದ ಊರಿನ ಅಂಗನವಾಡಿಯ ಸಹಾಯಕಿಗೆ ಹೆರಿಗೆ. ಅವರಿಗೆ ಸಿ.ಡಿ., ಸಿರಿಂಜು, ಒಗೆದು ಕುದಿಸಿಟ್ಟ ಬನಿಯನ್ ಬಟ್ಟೆ ಕಳಿಸಿದ್ದೇವೆ. ಟೆರಿಕಾಟ್ ಒಂದು ಬಾಕಿ. ಹೋದ ಸಲದ್ದು ಕಡುನೀಲಿ, ತಿಳಿ ಬಣ್ಣದ ರವಿಕೆಯಲ್ಲಿ ಸ್ವಲ್ಪ ಕಾಣುತ್ತಿತ್ತು. ಈ ಸಲ ಹುಡುಗರ ಶರ್ಟಿನ ಬಿಳಿ ತುಂಡು ಎತ್ತಿಡಲು ಟೈಲರಿಗೆ ಹೇಳಿದ್ದೇವೆ. ಯಾಕೆ ಎಂದು ಆತ ಕೇಳಿಲ್ಲ.